ಹುಚ್ಚರ ಮನೆಯ ಲೆಕ್ಕ

(ಗಿರಣಿ ಕಾರ್ಮಿಕರ ಅಭ್ಯಾಸ ಕೂಟದಲ್ಲಿ ಮಾಡಿದ ಭಾಷಣ)



ಈ ವಾರದ ಕೂಟದಲ್ಲಿ ಬೋನಸ್ಸಿನ ಲೆಕ್ಕದ ಬಗೆಗೆ ಮಾತಾಡಬೇಕೆಂದು ಗೊತ್ತಾಗಿತ್ತು. ಅದನ್ನು ಮುಂದಿನ ವಾರಕ್ಕೆ ತಳ್ಳಿದ್ದೇವೆ. ಕಾರಣ ನಿಮ್ಮಲ್ಲಿ ಬಹುಮಂದಿಗೆ ತಿಳಿದೇ ಇದೆ.

ನೂಲುವ ಖಾತೆಯಲ್ಲಿ ಹದಿನಾರು ವರ್ಷ ದುಡಿದ ನಮ್ಮ ಸಂಗಾತಿಯೊಬ್ಬನಿಗೆ ಎರಡು ವರ್ಷಗಳ ಹಿಂದೆ, ರಾತ್ರಿ ಪಾಳಿಯಲ್ಲಿ, ಯಂತ್ರದ ಸದ್ದಿನೊಳಗಿಂದ ಯಾರೋ ಹೆಸರು ಹಿಡಿದು ಕರೆಯುವುದು ಕೇಳತೊಡಗಿತು. ಆತನ ಹೆಸರು ಹೇಳುವುದಿಲ್ಲ. ಮನೆಯವರು ಇಲ್ಲೇ ಕೂತಿದ್ದಾರೆ. ಮೊದಮೊದಲು ನಾವೆಲ್ಲ ನಕ್ಕೆವು. ಒಂದು ರಾತ್ರಿ ಆತ ಎರಡು ಸಾಲು ಯಂತ್ರ ನಿಲ್ಲಿಸಿ ನೆಲದ ಮೇಲೆ ಕೂತು ಅಳತೊಡಗಿದ. ಎರಡು ದಿನದಲ್ಲಿ ಕಚೇರಿಯಿಂದ ಕಾಗದ ಬಂತು: ಕೆಲಸಕ್ಕೆ ಯೋಗ್ಯನಲ್ಲ, ಹಿಶೇಬು ಚುಕ್ತಾ ಮಾಡಲಾಗಿದೆ. ಆ ಕಾಗದದ ಕೆಳಗೆ ಸಂಘದ ಪರವಾಗಿ ಸಹಿ ಹಾಕಿದವರು ನಾವೇ. ಆಗ ಜಗಳಕ್ಕೆ ಬೇರೆ ದೊಡ್ಡ ವಿಷಯಗಳಿದ್ದುವು. ಇದೊಂದು ಮುಗಿದರೆ ಸಾಕೆನಿಸಿತ್ತು. ಇ.ಎಸ್.ಐ.ಯವರ ದೀರ್ಘ ರೋಗಗಳ ಪಟ್ಟಿಯಲ್ಲಿ ಕ್ಷಯ, ಕುಷ್ಠ, ಕ್ಯಾನ್ಸರುಗಳ ಜೊತೆಗೆ ಬುದ್ಧಿಭ್ರಮಣೆಯ ರೋಗಗಳೂ ಇವೆ, ಅದಕ್ಕೂ ಭತ್ಯೆ ಉಂಟು ಎಂಬುದನ್ನು ನಾವು ಓದಿ ನೋಡಿರಲಿಲ್ಲ. ಓದು ಬಲ್ಲವನೆಂದು ನೀವು ನಮ್ಮನ್ನು ಆರಿಸಿದ್ದಿರಿ, ಆದರೆ ಓದಬೇಕಾದುದನ್ನೇ ನಾವು ಓದಿರಲಿಲ್ಲ.

ಆಮೇಲೆ ಮನೆಯ ಹಿತ್ತಾಳೆ ಹೋಯಿತು, ಅಂಗಡಿಯ ಉದ್ರಿ ನಿಂತಿತು. ಕಡೆಗೆ ಅಣ್ಣತಮ್ಮಂದಿರು ಸೇರಿ ಆತನನ್ನು ದೂರದ ಒಂದು ಕ್ಷೇತ್ರದಲ್ಲಿ ಬಿಟ್ಟುಬಂದರು. ಅಲ್ಲಿ ಆತನ ಕಾಲಿಗೆ ಸರಪಳಿ ಇದೆ. ಹೋದ ತಿಂಗಳು ಆ ತಾಯಿ ನಮ್ಮ ಕಚೇರಿಗೆ ಬಂದು ಕೇಳಿದರು: "ಮೇಷ್ಟ್ರೇ, ಅವರನ್ನ ಮನೆಗೆ ಕರಕೊಂಡು ಬರ್ಲೋ, ಸರಕಾರದ ಹುಚ್ಚಾಸ್ಪತ್ರೆಗೆ ಹಾಕ್ಲೋ?" ಇಂದಿನ ಮಾತೆಲ್ಲ ಆ ಪ್ರಶ್ನೆಗೆ ಸಂಬಂಧಪಟ್ಟದ್ದು.

ಸಹಿ ಹಾಕಿದ ದಿನದಿಂದ ನಮ್ಮ ಮನಸ್ಸಿಗೆ ಸಮಾಧಾನವಿರಲಿಲ್ಲ. ಈ ವಿಷಯದಲ್ಲಿ ಸಿಕ್ಕಿದ್ದನ್ನು ಓದುತ್ತ ಬಂದೆವು. ನಮ್ಮ ವಿದ್ಯೆ ಮೆಟ್ರಿಕ್ಕಿಗೆ ನಿಂತದ್ದು. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಓದಬೇಕು. ಹಾಗೆ ಓದುವಾಗ ಸಿಕ್ಕಿದವರು ಆಂಡ್ರ್ಯೂ ಸ್ಕಲ್ ಎಂಬ ಇತಿಹಾಸಕಾರರು. ೧೯೪೭ರಲ್ಲಿ ಸ್ಕಾಟ್‌ಲೆಂಡಿನ ಎಡಿನ್‌ಬರೊದಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲೂ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲೂ ಓದಿ, ಕ್ಯಾಲಿಫೋರ್ನಿಯದಲ್ಲಿ ಅಧ್ಯಾಪಕರಾದವರು. ಐವತ್ತು ವರ್ಷದ ಆಸುಪಾಸು ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದಾರೆ: ಮತಿ ಕೆಟ್ಟವರನ್ನು ಸಮಾಜ ಏನು ಮಾಡುತ್ತದೆ, ಏಕೆ ಹಾಗೆ ಮಾಡುತ್ತದೆ, ಅದರ ಖರ್ಚು ಯಾರು ಕೊಡುತ್ತಾರೆ? ಕಡೆಯ ಪ್ರಶ್ನೆಯನ್ನು ಕೇಳುವ ವಿದ್ವಾಂಸರು ಕಡಿಮೆ. ಅದಕ್ಕೇ ನಮಗೆ ಇವರು ಹಿಡಿಸಿದರು.

ಇಂಗ್ಲೆಂಡಿನಿಂದ ಪ್ರಾರಂಭಿಸೋಣ. ೧೮೦೦ರ ಹೊತ್ತಿಗೆ ಆ ದೇಶದಲ್ಲಿ ಹುಚ್ಚರೆಂದು ಕೂಡಿಹಾಕಿದ್ದವರ ಸಂಖ್ಯೆ ಕೆಲವೇ ಸಾವಿರ. ೧೯೦೦ರ ಹೊತ್ತಿಗೆ ಅದು ಒಂದು ಲಕ್ಷದ ಹತ್ತಿರ ಬಂದಿತ್ತು. ಜನಸಂಖ್ಯೆ ಬೆಳೆದಿತ್ತು, ನಿಜ. ಆದರೆ ಈ ಪ್ರಮಾಣದಲ್ಲಿ ಅಲ್ಲ. ನೂರು ವರ್ಷದಲ್ಲಿ ಇಂಗ್ಲಿಷರಿಗೆ ಇಷ್ಟು ಹುಚ್ಚು ಎಲ್ಲಿಂದ ಹಿಡಿಯಿತು?

ವೈದ್ಯರು ಕೊಟ್ಟ ಉತ್ತರ ಸುಲಭವಾಗಿತ್ತು. ವಿಜ್ಞಾನ ಮುಂದುವರಿಯಿತು, ಕರುಣೆ ಹೆಚ್ಚಿತು, ಹಿಂದೆ ಬೀದಿಯಲ್ಲಿ ಅಲೆದವರಿಗೆ ಈಗ ಆಸ್ಪತ್ರೆ ಸಿಕ್ಕಿತು. ಕೆಲವು ಪಂಡಿತರು ಪಟ್ಟಣಗಳ ಗಲಾಟೆಯನ್ನು ಕಾರಣ ಮಾಡಿದರು. ಸ್ಕಲ್ ಅವರು ೧೯೭೯ರಲ್ಲಿ 'ಮ್ಯೂಸಿಯಮ್ಸ್ ಆಫ್ ಮ್ಯಾಡ್‌ನೆಸ್' ಎಂಬ ಪುಸ್ತಕ ಬರೆದು ಇವೆರಡೂ ಸಾಲದೆಂದರು. ಪಟ್ಟಣದ ಗಲಾಟೆಯೇ ಕಾರಣವಾಗಿದ್ದರೆ, ೧೮೦೮ರ ಕಾಯಿದೆ ಬಂದಾಗ ಮೊದಲು ಹುಚ್ಚಾಸ್ಪತ್ರೆ ಕಟ್ಟಿದ ಜಿಲ್ಲೆಗಳಲ್ಲಿ ಬೆಡ್‌ಫರ್ಡ್, ನಾರ್ಫೋಕ್‌ನಂಥ ಒಕ್ಕಲುತನದ ಸೀಮೆಗಳು ಏಕಿದ್ದುವು? ಆ ಕಾಯಿದೆ ಕಟ್ಟಬೇಕೆಂದು ಬಲವಂತ ಮಾಡಿರಲೂ ಇಲ್ಲ.

ಅವರ ಉತ್ತರ ಇದು. ಹಳೆಯ ಕಾಲದಲ್ಲಿ ಮತಿ ಕೆಟ್ಟವನು ಮನೆಯಲ್ಲೋ ಊರಲ್ಲೋ ಇರುತ್ತಿದ್ದ. ಬಡವನಾದರೆ ಊರಿನ ಧರ್ಮದ ಹಣದಲ್ಲಿ ಹೊಟ್ಟೆಗೆ ಹಾಕುತ್ತಿದ್ದರು. ಚೆನ್ನಾಗಿ ನೋಡಿಕೊಂಡರೆಂದಲ್ಲ. ಕೊಟ್ಟಿಗೆಯಲ್ಲಿ ಕಟ್ಟಿದವರೂ ಉಂಟು; ಹಳೆಯ ಊರನ್ನು ಸ್ವರ್ಗ ಮಾಡಿ ತೋರಿಸುವವರ ಮಾತನ್ನು ನಾವು ನಂಬಬೇಕಾಗಿಲ್ಲ. ಆದರೆ ಒಕ್ಕಲುಮನೆಯಲ್ಲಿ ಇಂಥವನಿಗೂ ಒಂದು ಕೆಲಸ ಸಿಗುತ್ತಿತ್ತು. ಸೌದೆ ಒಡೆಯುತ್ತಿದ್ದ, ದನ ನೋಡುತ್ತಿದ್ದ. ಬುದ್ಧಿ ನೆಟ್ಟಗಿದ್ದ ದಿನ ಮಾಡಿದ, ಇಲ್ಲದ ದಿನ ಬಿಟ್ಟ. ಕೂಲಿಯೇ ಬದುಕಿಗೆ ಆಧಾರವಾದಾಗ ಇದು ಮುರಿಯಿತು. ಯಂತ್ರಕ್ಕೆ ನೆಟ್ಟಗಿದ್ದ ದಿನ, ಇಲ್ಲದ ದಿನ ಎಂಬ ಭೇದ ಗೊತ್ತಿಲ್ಲ. ಮನೆಯಲ್ಲಿ ಒಬ್ಬ ಮಲಗಿದರೆ ಅವನ ಕೂಲಿ ಹೋಯಿತು. ಅವನನ್ನು ಕಾಯಲು ಇನ್ನೊಬ್ಬರು ಕೂತರೆ ಅವರ ಕೂಲಿಯೂ ಹೋಯಿತು. ಈ ಮಾತನ್ನು ಓದಿದಾಗ ನಮಗೆ ಇಂಗ್ಲೆಂಡು ಕಾಣಲಿಲ್ಲ, ನಮ್ಮ ಗಿರಣಿಯ ಹಿಂದಿನ ಓಣಿ ಕಂಡಿತು.

ಇನ್ನೊಂದು ಕಡೆ ಧನಿಕರ ಲೆಕ್ಕವಿತ್ತು. ಬಡವರಿಗೆ ಮನೆಯಲ್ಲಿ ಕೂತು ಧರ್ಮ ಸಿಗಬಾರದು, ಸಿಕ್ಕರೆ ಗಿರಣಿಗೆ ಯಾರು ಬರುತ್ತಾರೆ ಎಂದು ೧೮೩೪ರಲ್ಲಿ ಹೊಸ ಬಡವರ ಕಾಯಿದೆ ತಂದರು. ಸಹಾಯ ಬೇಕಾದವನು ದುಡಿಮೆಮನೆಗೆ ಸೇರಬೇಕು. ಅಲ್ಲಿಯ ಬಾಳು ಹೊರಗಿನ ಕಡುಬಡ ಕೂಲಿಯವನ ಬಾಳಿಗಿಂತ ಕೀಳಾಗಿರಬೇಕೆಂಬುದೇ ನಿಯಮ. ದುಡಿಯಬಲ್ಲವನನ್ನೂ ದುಡಿಯಲಾರದವನನ್ನೂ ಬೇರೆ ಮಾಡಬೇಕಾಯಿತು. ಮತಿ ಕೆಟ್ಟವನು ದುಡಿಮೆಮನೆಯ ಶಿಸ್ತಿಗೆ ಒಗ್ಗುವುದಿಲ್ಲ. ಬೈದರೆ ಹೆದರುವುದಿಲ್ಲ, ಊಟ ಕಡಿಮೆ ಮಾಡಿದರೆ ಬಗ್ಗುವುದಿಲ್ಲ. ಅವನಿಗೆ ಬೇರೆ ಮನೆಯೇ ಬೇಕು. ೧೮೪೫ರಲ್ಲಿ ಪ್ರತಿ ಜಿಲ್ಲೆಯೂ ಹುಚ್ಚಾಸ್ಪತ್ರೆ ಕಟ್ಟಲೇಬೇಕೆಂದು ಕಾಯಿದೆಯಾಯಿತು.

ಇದೆಲ್ಲ ಧನಿಕರ ಒಳಸಂಚು ಎಂದು ಕೂಗಿ ಕೂತುಬಿಡುವುದು ನಮ್ಮಂಥ ಭಾಷಣಕಾರರಿಗೆ ಸುಲಭ. ಸ್ಕಲ್ ಹಾಗೆ ಬರೆಯುವುದಿಲ್ಲ. ಈ ಆಸ್ಪತ್ರೆಗಳಿಗಾಗಿ ಹೋರಾಡಿದವರಲ್ಲಿ ನಿಜವಾದ ಸಜ್ಜನರಿದ್ದರು. ಪೇಟೆಯ ಮಿತ್ರರು ಕೇಳಿ: ಅವರಲ್ಲಿ ಮೊದಲಿಗ ಒಬ್ಬ ಚಹ ವ್ಯಾಪಾರಿ. ಯಾರ್ಕ್ ಪಟ್ಟಣದ ವಿಲಿಯಂ ಟ್ಯೂಕ್ ಎಂಬಾತ. ಕ್ವೇಕರ್ ಪಂಥದ ಹ್ಯಾನಾ ಮಿಲ್ಸ್ ಎಂಬ ವಿಧವೆಯನ್ನು ೧೭೯೦ರಲ್ಲಿ ಆ ಊರಿನ ಹುಚ್ಚಾಸ್ಪತ್ರೆಗೆ ಸೇರಿಸಿದ್ದರು. ತಮ್ಮ ಪಂಥದವರು ನೋಡಲು ಹೋದರೆ ಒಳಕ್ಕೆ ಬಿಡಲಿಲ್ಲ. ಕೆಲವೇ ವಾರಗಳಲ್ಲಿ ಆಕೆ ಸತ್ತಳು. ಟ್ಯೂಕ್ ತನ್ನವರಿಂದ ಹಣ ಕೂಡಿಸಿ ೧೭೯೬ರಲ್ಲಿ 'ರಿಟ್ರೀಟ್' ಎಂಬ ಮನೆ ತೆರೆದ. ಅಲ್ಲಿ ಮೂವತ್ತರಷ್ಟು ಜನ. ಸರಪಳಿ ಇಲ್ಲ, ಹೊಡೆತವಿಲ್ಲ. ತೋಟದ ಕೆಲಸ, ಒಟ್ಟಿಗೆ ಊಟ, ಮರ್ಯಾದೆಯ ಮಾತು. ಬಹುಮಂದಿ ಚೇತರಿಸಿಕೊಂಡು ಮನೆಗೆ ಹೋದರು.

ಇದೇ ಕಾಲದಲ್ಲಿ ಲಂಡನ್ನಿನ ಬೆಥ್ಲೆಮ್ ಆಸ್ಪತ್ರೆಯಲ್ಲಿ ನಾರಿಸ್ ಎಂಬ ಅಮೆರಿಕದ ನಾವಿಕನನ್ನು ಕಬ್ಬಿಣದ ಪಟ್ಟಿಗಳಲ್ಲಿ ಬಿಗಿದು, ಕುತ್ತಿಗೆಯ ಬಳೆಯನ್ನು ನಿಲುಗಂಬಕ್ಕೆ ಸೇರಿಸಿ, ವರ್ಷಗಟ್ಟಲೆ ಇಟ್ಟಿದ್ದರು. ೧೮೧೪ರಲ್ಲಿ ಎಡ್ವರ್ಡ್ ವೇಕ್‌ಫೀಲ್ಡ್ ಮುಂತಾದವರು ಹೋಗಿ ನೋಡಿ, ಚಿತ್ರ ಬರೆಯಿಸಿ, ಮರುವರ್ಷ ಪಾರ್ಲಿಮೆಂಟಿನ ಸಮಿತಿಯ ಮುಂದಿಟ್ಟರು. ದೇಶ ನಾಚಿತು. ೧೮೩೯ರಲ್ಲಿ ಹ್ಯಾನ್ವೆಲ್ ಆಸ್ಪತ್ರೆಯ ಜಾನ್ ಕೊನೊಲಿ ಕಟ್ಟುವ ಸಾಮಾನುಗಳನ್ನೆಲ್ಲ ಒಟ್ಟಿಗೆ ತೆಗೆದುಹಾಕಿದ.

ಸರಿ, ಸಜ್ಜನರು ಗೆದ್ದರು. ಗೆದ್ದ ಮೇಲೆ ಆದದ್ದೇನು? ಟ್ಯೂಕನ ಮನೆಯಲ್ಲಿದ್ದವರು ಮೂವತ್ತು ಜನ. ಜಿಲ್ಲಾ ಆಸ್ಪತ್ರೆಗಳ ಸರಾಸರಿ ೧೮೫೦ರ ಸುಮಾರಿಗೆ ೩೦೦, ೧೯೦೦ಕ್ಕೆ ೯೬೦ರ ಆಸುಪಾಸು. ೧೮೫೧ರಲ್ಲಿ ಲಂಡನ್ನಿನ ಅಂಚಿನಲ್ಲಿ ಕೋಲ್ನಿ ಹ್ಯಾಚ್ ಎಂಬ ಆಸ್ಪತ್ರೆಯನ್ನು ೧೨೫೦ ಜನಕ್ಕೆಂದು ಕಟ್ಟಿದರು. ಅದೂ ತುಂಬಿ ಎರಡು ಸಾವಿರ ದಾಟಿತು. ತೆರಿಗೆ ಕೊಡುವವರ ಮಾತು ಒಂದೇ: ತಲೆಗೆ ಎಷ್ಟು ಬಿತ್ತು, ಇನ್ನೂ ಕಡಿಮೆ ಮಾಡಿ. ಮೂವತ್ತು ಜನಕ್ಕೆ ಕೊಡುವ ಮರ್ಯಾದೆಯನ್ನು ಎರಡು ಸಾವಿರ ಜನಕ್ಕೆ ಅದೇ ದುಡ್ಡಿನಲ್ಲಿ ಕೊಡಲಾಗುವುದಿಲ್ಲ. ರೋಗಿಗಳೇ ಬಟ್ಟೆ ಒಗೆದರು, ಹೊಲ ಉತ್ತರು, ಕೂಲಿಯಿಲ್ಲದೆ. ವಾಸಿಯಾಗುವವರು ಕಡಿಮೆಯಾದರು, ಉಳಿದವರು ಗುಡ್ಡೆಬಿದ್ದರು. ಅದಕ್ಕೇ ಸ್ಕಲ್ ತಮ್ಮ ಪುಸ್ತಕಕ್ಕೆ ವಸ್ತುಸಂಗ್ರಹಾಲಯವೆಂಬ ಅರ್ಥದ ಹೆಸರಿಟ್ಟರು. ನಮ್ಮ ಮಾತಿನಲ್ಲಾದರೆ ಗೋದಾಮು. ೧೯೦೩ರಲ್ಲಿ ಕೋಲ್ನಿ ಹ್ಯಾಚಿನಲ್ಲಿ ಜಾಗ ಸಾಲದೆ ಕಟ್ಟಿದ್ದ ಮರದ ಕೊಠಡಿಗಳಿಗೆ ಬೆಂಕಿ ಬಿದ್ದು ಐವತ್ತಕ್ಕೂ ಹೆಚ್ಚು ಹೆಂಗಸರು ಸತ್ತರು.

ಇನ್ನು ವೈದ್ಯರ ವಿಚಾರ. ಅಮೆರಿಕದ ನ್ಯೂಜೆರ್ಸಿಯ ಟ್ರೆಂಟನ್ ಆಸ್ಪತ್ರೆಯ ಕಥೆಯನ್ನು ಸ್ಕಲ್ ೨೦೦೫ರಲ್ಲಿ 'ಮ್ಯಾಡ್‌ಹೌಸ್' ಎಂಬ ಪುಸ್ತಕದಲ್ಲಿ ಜನರ ಮುಂದಿಟ್ಟರು. ಅದನ್ನು ಓದಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ೧೯೦೭ರಲ್ಲಿ ಹೆನ್ರಿ ಕಾಟನ್ ಎಂಬ ಎಳೆಯ ವೈದ್ಯ ಅಲ್ಲಿಗೆ ಮುಖ್ಯಸ್ಥನಾಗಿ ಬಂದ. ಬಂದವನೇ ಕಟ್ಟುವುದನ್ನು ನಿಲ್ಲಿಸಿದ; ಒಳ್ಳೆಯವನೆಂದೇ ಹೇಳಬೇಕು. ಅದು ರೋಗಾಣುಗಳ ವಿಜ್ಞಾನ ಮೆರೆಯುತ್ತಿದ್ದ ಕಾಲ. ಒಂದು ಬಗೆಯ ಹುಚ್ಚಿಗೆ ಮಿದುಳಿಗೇರಿದ ಪರಂಗಿರೋಗವೇ ಕಾರಣವೆಂದು ೧೯೧೩ರಲ್ಲಿ ಖಚಿತವಾಗಿತ್ತು. ಹಾಗಾದರೆ ಎಲ್ಲ ಹುಚ್ಚಿಗೂ ಮೈಯಲ್ಲಿ ಎಲ್ಲೋ ಅಡಗಿದ ಕೀವೇ ಮೂಲವಾಗಿರಬೇಕೆಂದು ಕಾಟನ್ ತೀರ್ಮಾನಿಸಿದ. ರೋಗಿಗಳ ಹಲ್ಲು ಕೀಳಿಸಿದ. ಗುಣವಾಗದಿದ್ದರೆ ಗಂಟಲ ಗಂಟು ತೆಗೆಸಿದ. ಆಗಲೂ ಆಗದಿದ್ದರೆ ಹೊಟ್ಟೆ ಕೊಯ್ದು ದೊಡ್ಡ ಕರುಳನ್ನೇ ತೆಗೆದ. ಬೇಡವೆಂದು ಅತ್ತವರನ್ನೂ ಬಿಡಲಿಲ್ಲ. ನೂರಕ್ಕೆ ೮೫ ಮಂದಿ ವಾಸಿಯಾಗುತ್ತಾರೆಂದು ಸಾರಿದ. ಕರುಳಿನ ಶಸ್ತ್ರಕ್ರಿಯೆಯಲ್ಲಿ ನೂರಕ್ಕೆ ಮೂವತ್ತರಷ್ಟು ಮಂದಿ ಸಾಯುತ್ತಾರೆಂಬುದನ್ನು ತಾನೇ ಒಪ್ಪಿಕೊಂಡಿದ್ದ. ಆದರೂ ಪತ್ರಿಕೆಗಳು ಹೊಗಳಿದುವು, ದುಡ್ಡುಳ್ಳವರು ತಮ್ಮ ಮಕ್ಕಳನ್ನು ಕರೆತಂದರು. ಆತ ಕಪಟಿಯಲ್ಲ, ತನ್ನ ಗಂಡುಮಕ್ಕಳ ಹಲ್ಲುಗಳನ್ನೂ ಕೀಳಿಸಿದ್ದ. ನಂಬಿಕೆಯಿದ್ದವನ ಕೈಯಲ್ಲಿ ಕತ್ತಿ ಕೊಟ್ಟು, ಕೇಳುವವರಿಲ್ಲದ ಜನರನ್ನು ಮುಂದೆ ಮಲಗಿಸಿದರೆ ಹೀಗಾಗುತ್ತದೆ.

ಕೇಳುವವರು ಒಬ್ಬರು ಬಂದರು. ೧೯೨೪ರಲ್ಲಿ ಫಿಲಿಸ್ ಗ್ರೀನೇಕರ್ ಎಂಬ ವೈದ್ಯೆಯನ್ನು ಪರೀಕ್ಷೆಗೆ ಕಳಿಸಿದರು. ಆಕೆ ಸುಮಾರು ಒಂದೂವರೆ ವರ್ಷ ಒಂದೊಂದೇ ರೋಗಿಯನ್ನು ಹುಡುಕಿ ಲೆಕ್ಕ ತೆಗೆದರು. ಹೆಚ್ಚು ಚಿಕಿತ್ಸೆ ಪಡೆದವರ ಗತಿ ಹೆಚ್ಚು ಕೆಟ್ಟಿತ್ತು. ಕಡಿಮೆ ಪಡೆದವರೇ ಮೇಲಾಗಿದ್ದರು. ಆಕೆಯನ್ನು ಕಳಿಸಿದವರು ಅಡಾಲ್ಫ್ ಮೈಯರ್, ಅಮೆರಿಕದ ಮನೋವೈದ್ಯರಲ್ಲೆಲ್ಲ ಹಿರಿಯರು, ಕಾಟನ್ನನ ಗುರುಗಳು. ಅವರು ವರದಿಯನ್ನು ಓದಿ, ಮಡಿಸಿ, ಒಳಗಿಟ್ಟರು. ಅದು ಅಚ್ಚಾಗಲಿಲ್ಲ. ಕಾಟನ್ ೧೯೩೩ರಲ್ಲಿ ಸತ್ತ, ಹೆಸರುವಾಸಿಯಾಗಿಯೇ ಸತ್ತ. ಮೈಯರರೂ ಸಜ್ಜನರೇ. ಆದರೆ ಕಾಗದದ ಮೇಲೆ ಸಹಿ ಹಾಕುವುದೂ ಕಾಗದವನ್ನು ಒಳಗಿಡುವುದೂ ಒಂದೇ ಜಾತಿಯ ಕೆಲಸವೆಂದು ನಮಗೆ ಅನಿಸಿತು. ಇಲ್ಲಿ ಯಾರ ಬಗ್ಗೆ ಹೇಳುತ್ತಿದ್ದೇವೆಂಬುದು ನಿಮಗೆ ಗೊತ್ತಿದೆ.

ಕಾಟನ್ನನ ಆಮೇಲೆ ಮಿದುಳನ್ನು ಕೊಯ್ಯುವವರು ಬಂದರು. ಪೋರ್ಚುಗಲ್ಲಿನ ಎಗಾಸ್ ಮೊನಿಜ್ ೧೯೩೫ರಲ್ಲಿ ಪ್ರಾರಂಭಿಸಿದ ಆ ವಿದ್ಯೆಗೆ ೧೯೪೯ರಲ್ಲಿ ನೊಬೆಲ್ ಬಹುಮಾನವೂ ಸಿಕ್ಕಿತು. ಅಮೆರಿಕದಲ್ಲಿ ಹಾಗೆ ಕೊಯ್ಯಿಸಿಕೊಂಡವರು ಹತ್ತಾರು ಸಾವಿರ, ಅವರಲ್ಲಿ ಹೆಂಗಸರೇ ಹೆಚ್ಚು. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಈಗ ನಮಗೆ ಮುಖ್ಯವಾದ ಭಾಗಕ್ಕೆ ಬರೋಣ. ೧೯೫೫ರಲ್ಲಿ ಅಮೆರಿಕದ ಸರಕಾರಿ ಹುಚ್ಚಾಸ್ಪತ್ರೆಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದರು. ಅಲ್ಲಿಂದ ಇಳಿಯುತ್ತ ಇಳಿಯುತ್ತ ಆ ಮನೆಗಳು ಬಹುಮಟ್ಟಿಗೆ ಬರಿದಾದುವು. ಇಂಗ್ಲೆಂಡಿನಲ್ಲಿ ೧೯೬೧ರಲ್ಲಿ ಆರೋಗ್ಯ ಮಂತ್ರಿ ಎನಾಕ್ ಪವೆಲ್ ಇವುಗಳ ಕಾಲ ಮುಗಿಯಿತೆಂದು ಸಾರಿದ. (ಕರಿಯರು ದೇಶಕ್ಕೆ ಬರಬಾರದೆಂದು ೧೯೬೮ರಲ್ಲಿ ವಿಷ ಕಾರಿದನಲ್ಲ, ಅದೇ ಪವೆಲ್.) ಎಲ್ಲರೂ ಹೇಳಿದರು: ೧೯೫೪ರಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧ ಅಮೆರಿಕದ ಪೇಟೆಗೆ ಬಂತು, ರೋಗಿಗಳು ಮನೆಗೆ ಹೋದರು.

೧೯೭೭ರಲ್ಲಿ ಸ್ಕಲ್ 'ಡಿಕಾರ್ಸರೇಷನ್' ಎಂಬ ಪುಸ್ತಕದಲ್ಲಿ ಇದನ್ನೂ ಲೆಕ್ಕಕ್ಕೆ ಹಿಡಿದರು. ಕೆಲವು ಆಸ್ಪತ್ರೆಗಳಲ್ಲಿ ಔಷಧ ಬರುವುದಕ್ಕೆ ಮೊದಲೇ ಜನರನ್ನು ಹೊರಕ್ಕೆ ಕಳಿಸತೊಡಗಿದ್ದರು. ಅಮೆರಿಕದಲ್ಲಿ ಇಳಿತ ಜೋರಾದದ್ದು ಔಷಧ ಬಂದು ಹತ್ತು ವರ್ಷದ ಮೇಲೆ. ಆಗ ಆದದ್ದೇನು? ೧೯೬೫ರಲ್ಲಿ ಕೇಂದ್ರ ಸರಕಾರ ಮುದುಕರಿಗೂ ಬಡವರಿಗೂ ವೈದ್ಯಕೀಯ ಸಹಾಯದ ಕಾಯಿದೆ ಮಾಡಿತು. ರೋಗಿ ರಾಜ್ಯದ ಆಸ್ಪತ್ರೆಯಲ್ಲಿದ್ದರೆ ಖರ್ಚು ರಾಜ್ಯದ್ದು. ಖಾಸಗಿ ಶುಶ್ರೂಷಾಮನೆಗೆ ಸಾಗಿಸಿದರೆ ಬಹುಪಾಲು ಕೇಂದ್ರದ್ದು. ಗುಮಾಸ್ತರು ಇದನ್ನು ತಿಳಿಯಲು ತಡಮಾಡಲಿಲ್ಲ. ಮುದುಕರನ್ನು ಒಂದು ಗೋದಾಮಿನಿಂದ ಎತ್ತಿ ಇನ್ನೊಂದು ಗೋದಾಮಿಗೆ ಹಾಕಿದರು, ಈ ಬಾರಿ ಖಾಸಗಿಯವರ ಲಾಭಕ್ಕೆ. ಹರೆಯದವರು ಅಗ್ಗದ ಬಾಡಿಗೆ ಕೋಣೆಗಳಿಗೆ, ಅಲ್ಲಿಂದ ಬೀದಿಗೆ, ಬೀದಿಯಿಂದ ಜೈಲಿಗೆ ಹೋದರು. ಲಾಸ್ ಏಂಜಲಿಸ್, ಶಿಕಾಗೊ, ನ್ಯೂಯಾರ್ಕುಗಳ ಜೈಲುಗಳೇ ಆ ದೇಶದ ಅತಿದೊಡ್ಡ ಹುಚ್ಚಾಸ್ಪತ್ರೆಗಳೆಂಬ ಮಾತು ಅಲ್ಲಿ ಸಾಮಾನ್ಯವಾಗಿದೆ. 'ಸಮುದಾಯದಲ್ಲಿ ಆರೈಕೆ' ಎಂಬ ಹೆಸರಿಟ್ಟರು. ಸಮುದಾಯಕ್ಕೆ ಕಾಸು ಕೊಡಲಿಲ್ಲ, ಆರೈಕೆಗೆ ಆಳು ಕೊಡಲಿಲ್ಲ.

ಇದರಲ್ಲಿ ನಮ್ಮ ಕಡೆಯವರಿಗೂ ಪಾಲುಂಟು ಎಂಬುದು ಕಹಿಯಾದ ಮಾತು. ಹುಚ್ಚಾಸ್ಪತ್ರೆ ಸೆರೆಮನೆ, ಬಾಗಿಲು ಒಡೆಯಿರಿ ಎಂದು ಎಡಪಂಥದ ಬರಹಗಾರರು ಕೂಗಿದರು. ಖಜಾನೆಯವರು ಆಗಲಿ ಎಂದರು. ಒಬ್ಬರಿಗೆ ಸ್ವಾತಂತ್ರ್ಯ ಕಂಡಿತು, ಇನ್ನೊಬ್ಬರಿಗೆ ಉಳಿತಾಯ ಕಂಡಿತು. ಬಾಗಿಲು ತೆರೆದಾಗ ಹೊರಗೆ ಅನ್ನ, ಸೂರು, ಔಷಧ, ಕೆಲಸ ಇವೆಯೇ ಎಂದು ನೋಡಿದವರು ಕಡಿಮೆ.

ಸ್ಕಲ್ ಹೇಳಿದ್ದೆಲ್ಲ ವೇದವಾಕ್ಯವಲ್ಲ. ಡೇವಿಡ್ ರೈಟ್ ಮೊದಲಾದ ಇತಿಹಾಸಕಾರರು ಇಂಗ್ಲೆಂಡಿನ ಆಸ್ಪತ್ರೆಗಳ ದಾಖಲೆ ತೆಗೆದು, ಸೇರಿದವರಲ್ಲಿ ಬಹಳ ಮಂದಿ ಒಂದು ವರ್ಷದೊಳಗೆ ಮನೆಗೆ ಮರಳಿದ್ದನ್ನು ತೋರಿಸಿದ್ದಾರೆ. ಬಡ ಸಂಸಾರಗಳು ತೀರಾ ಆಗದಿದ್ದಾಗ ಕೆಲವು ತಿಂಗಳು ಅಲ್ಲಿಟ್ಟು, ಸುಧಾರಿಸಿದ ಮೇಲೆ ಕರೆತರುತ್ತಿದ್ದುವು. ಅಂದರೆ ಬಡವರು ಬರೀ ಮೋಸಹೋದವರಲ್ಲ, ಇದ್ದುದನ್ನು ಉಪಾಯದಿಂದ ಬಳಸಿಕೊಂಡವರು. ಈ ಮಾತು ನಮಗೆ ಸರಿಯೆನಿಸುತ್ತದೆ. ಸ್ಕಲ್ ಅವರ ಪುಸ್ತಕದಲ್ಲಿ ವೈದ್ಯರೂ ಅಧಿಕಾರಿಗಳೂ ಮಾತಾಡುವಷ್ಟು ಹೆಂಡಿರುಮಕ್ಕಳು ಮಾತಾಡುವುದಿಲ್ಲ. ಇನ್ನೊಂದು ವಿಷಯದಲ್ಲಿ ಮಾತ್ರ ಅವರು ಬಹಳ ಗಟ್ಟಿ. ಹುಚ್ಚೆಂಬುದೇ ಇಲ್ಲ, ಅದು ಸಮಾಜದ ಕಟ್ಟುಕಥೆ ಎನ್ನುವವರನ್ನು ಅವರು ಒಪ್ಪುವುದಿಲ್ಲ. ರೋಗ ನಿಜ, ನೋವು ನಿಜ. ಅದರ ಮೂಲ ಇನ್ನೂ ಯಾರಿಗೂ ಪೂರ್ತಿ ಕಂಡಿಲ್ಲವೆಂದು ೨೦೨೨ರ 'ಡೆಸ್ಪರೇಟ್ ರೆಮೆಡೀಸ್' ಪುಸ್ತಕದಲ್ಲಿ ಬಿಚ್ಚಿ ಹೇಳುತ್ತಾರೆ. ಔಷಧಗಳು ಕೆಲವರಿಗೆ ಬಹಳ ಸಹಾಯ ಮಾಡುತ್ತವೆ, ಕೆಲವರಿಗೆ ಮಾಡುವುದಿಲ್ಲ, ಅಡ್ಡಪರಿಣಾಮ ಎಲ್ಲಕ್ಕೂ ಇದೆ. ಆದ್ದರಿಂದ ಯಾರಾದರೂ ಮಾತ್ರೆ ಬೇಡವೇ ಬೇಡ ಎಂದರೆ ನಂಬಬೇಡಿ. ಮಾತ್ರೆಯೊಂದೇ ಸಾಕೆಂದರೂ ನಂಬಬೇಡಿ.

ನಮ್ಮ ದೇಶಕ್ಕೆ ಈ ಮನೆಗಳನ್ನು ತಂದವರು ಆ ಇಂಗ್ಲಿಷರೇ. ೧೮೫೮ರಲ್ಲಿ ಒಂದು ಕಾಯಿದೆ, ೧೯೧೨ರಲ್ಲಿ ಇನ್ನೊಂದು. ಸ್ವಾತಂತ್ರ್ಯ ಬಂದ ಮೇಲೂ ಆ ೧೯೧೨ರ ಕಾಯಿದೆಯೇ ನಡೆದು, ಅದರ ಜಾಗಕ್ಕೆ ಹೊಸದು ಆದದ್ದು ೧೯೮೭ರಲ್ಲಿ. ಆದರೆ ಇಲ್ಲಿ ಬಹುಮಂದಿಗೆ ಆಸ್ಪತ್ರೆಯ ಬಾಗಿಲೂ ಸಿಗಲಿಲ್ಲ. ೨೦೦೧ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗದ ಆಸುಪಾಸಿನ ಖಾಸಗಿ ಗುಡಿಸಲಿನಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ೨೮ ಮಂದಿ ಸತ್ತರು. ಅವರನ್ನು ಅಲ್ಲಿ ಬಿಟ್ಟವರು ಕಟುಕರಲ್ಲ, ನಮ್ಮ ಸಂಗಾತಿಯ ಅಣ್ಣತಮ್ಮಂದಿರಂಥವರು. ೨೦೧೭ರ ಕಾಯಿದೆ ಯಾವ ರೀತಿಯಲ್ಲೂ ಸರಪಳಿ ಹಾಕಕೂಡದೆಂದು ಸ್ಪಷ್ಟವಾಗಿ ಹೇಳಿದೆ. ಇನ್ನೊಂದು ಒಳ್ಳೆಯ ಸಂಗತಿ ನಮ್ಮ ನಾಡಿನದೇ. ೧೯೮೦ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ, ತಾಲ್ಲೂಕು ಮಟ್ಟದ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಕಲಿಸಿ, ರೋಗಿಯನ್ನು ಮನೆಯಲ್ಲಿಟ್ಟುಕೊಂಡೇ ಔಷಧ ಕೊಡುವ ಪ್ರಯೋಗ ಮಾಡಿದರು. ೧೯೯೬ರಲ್ಲಿ ಪ್ರಾರಂಭವಾದ ಜಿಲ್ಲಾ ಕಾರ್ಯಕ್ರಮಕ್ಕೆ ಅದೇ ಮಾದರಿ. ಎಲ್ಲ ಕಡೆ ಒಂದೇ ಸಮನೆ ನಡೆಯುತ್ತಿಲ್ಲ. ಆದರೂ ನಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಮಂಗಳವಾರ ಮನೋವೈದ್ಯರು ಕೂರುತ್ತಾರೆ. ಅದನ್ನು ಹೋಗಿ ನೋಡಿಬಂದಿದ್ದೇವೆ.

ಹಾಗಾದರೆ ಆ ತಾಯಿಗೆ ನಮ್ಮ ಉತ್ತರವೇನು? ಮನೆಗೆ ಕರೆತನ್ನಿ ಎಂದು ಹೇಳಿ ಕೈತೊಳೆದುಕೊಂಡರೆ ಅಮೆರಿಕದವರು ಮಾಡಿದ್ದನ್ನೇ ನಾವೂ ಮಾಡಿದಂತೆ. ಮನೆ ಎಂದರೆ ಆಕೆ ಒಬ್ಬಳೇ. ಆಕೆ ಬೀಡಿ ಕಟ್ಟಿ ಇಬ್ಬರು ಮಕ್ಕಳನ್ನು ಸಾಕುತ್ತಿದ್ದಾಳೆ. ಗಂಡನನ್ನು ಕಾಯಲು ಕೂತರೆ ಬೀಡಿ ಇಲ್ಲ, ಬೀಡಿ ಕಟ್ಟಿದರೆ ಕಾಯುವವರಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಗೆ ನಾವು ನಗುತ್ತೇವೆ. ಮದುವೆಯ ಜಾಗದಲ್ಲಿ ಕೆಲಸವೆಂದು ಇಟ್ಟು ನೋಡಿ, ನಗು ಬರುವುದಿಲ್ಲ.

ಆದ್ದರಿಂದ ಸಂಘದ ಸಮಿತಿ ನಿನ್ನೆ ಕೂತು ಕೆಲವು ಮಾತುಗಳನ್ನು ಗೊತ್ತುಮಾಡಿದೆ. ಎರಡು ವರ್ಷದ ಹಿಂದಿನ ಆ ಕಾಗದದ ಮೇಲಿನ ನಮ್ಮ ಸಹಿ ತಪ್ಪೆಂದು ಕಚೇರಿಗೆ ಬರೆದುಕೊಡುತ್ತೇವೆ. ಭತ್ಯೆಗೆ ಅರ್ಜಿ ಹಾಕುತ್ತೇವೆ. ತಡವಾಯಿತೆಂದು ಅವರು ಹೇಳಬಹುದು. ಹೇಳಿದರೆ ವಕೀಲರಲ್ಲಿಗೆ ಹೋಗುತ್ತೇವೆ. ಆತ ಮನೆಗೆ ಬಂದ ಮೇಲೆ ಮೊದಲ ಮೂರು ತಿಂಗಳು, ಪಾಳಿ ಮುಗಿಸಿದವರು ದಿನಕ್ಕಿಬ್ಬರಂತೆ ಆ ಮನೆಯಲ್ಲಿ ಕೂರಬೇಕು. ಪಟ್ಟಿ ಬಾಗಿಲ ಹತ್ತಿರ ತೂಗುಹಾಕಿದೆ. ಹನ್ನೊಂದು ಹೆಸರು ಬಂದಿವೆ, ಇನ್ನೂ ಬೇಕು. ಪೇಟೆಯ ಇಬ್ಬರು ಮಿತ್ರರು ರೇಷನ್ನಿನ ಹೊರಗಿನ ಸಾಮಾನಿಗೆ ಉದ್ರಿ ಮತ್ತೆ ತೆರೆಯುತ್ತೇವೆಂದಿದ್ದಾರೆ. ಮಾತ್ರೆ ನುಂಗಿಸುವುದು, ಮಂಗಳವಾರ ಆಸ್ಪತ್ರೆಗೆ ಕರೆದೊಯ್ಯುವುದು ನಮ್ಮ ಪಾಲಿಗಿರಲಿ. ಆತ ಕೆಲವು ದಿನ ಕಿರುಚಬಹುದು, ನಮ್ಮನ್ನು ಬೈಯಬಹುದು. ಬೈಯುವ ಹಕ್ಕು ಆತನಿಗಿದೆ. ಆಸ್ಪತ್ರೆಯಲ್ಲಿ ಇಡಲೇಬೇಕೆಂದು ವೈದ್ಯರು ಹೇಳಿದರೆ ಇಡೋಣ, ಆದರೆ ವಾರಕ್ಕೊಬ್ಬರು ಹೋಗಿ ನೋಡಿಬರಬೇಕು. ಹ್ಯಾನಾ ಮಿಲ್ಸಳನ್ನು ನೋಡಲು ಹೋದವರನ್ನು ಒಳಕ್ಕೆ ಬಿಡಲಿಲ್ಲ. ನಮ್ಮನ್ನು ಬಿಡುತ್ತಾರೆ, ಹೋಗದಿದ್ದರೆ ತಪ್ಪು ನಮ್ಮದು.

ಭಾನುವಾರ ಬೆಳಗಿನ ಆರೂವರೆಯ ಬಸ್ಸಿಗೆ ಹೊರಡುತ್ತೇವೆ. ಆತನ ತಮ್ಮನೂ ಬರಲು ಒಪ್ಪಿದ್ದಾನೆ. ಇನ್ನಿಬ್ಬರು ಬೇಕು, ರಾತ್ರಿ ಪಾಳಿ ಇಲ್ಲದವರಾದರೆ ಒಳ್ಳೆಯದು. ಬೀಗದ ಕೈ ಸಿಗದಿದ್ದರೆ ಬೇಕಾಗಬಹುದೆಂದು ಫಿಟ್ಟರ್ ಖಾತೆಯ ಒಬ್ಬರು ಗರಗಸ ತರುತ್ತೇನೆಂದಿದ್ದಾರೆ.